ಜೀನ್ಸ್ ಮೈಗೆ ಕೂರುತ್ತಿಲ್ಲವೇ? ಕತ್ತರಿ ಹಾಕುವ ಮುಂಚೆ ದೋಷ ಹುಡುಕುವ ಬಗೆ

"ಸೊಂಟ ದೊಡ್ಡದಾಯ್ತು, ಸ್ವಲ್ಪ ಟೈಟ್ ಮಾಡಿಕೊಡಿ" ಎಂದು ಟೈಲರ್ ಅಂಗಡಿಗೆ ಬರುವ ಜೀನ್ಸ್‌ಗಳಲ್ಲಿ ಎಷ್ಟೋ ಸಲ ತೊಂದರೆ ಇರುವುದು ಸೊಂಟದಲ್ಲಲ್ಲ. ತೊಡೆ ಬಿಗಿಯಾಗಿ ಪ್ಯಾಂಟು ಕೆಳಕ್ಕೆ ಜಾರುತ್ತಿರುತ್ತದೆ, ಇಲ್ಲವೇ ಸೀಟಿನ ಬಾಗು ಮೈಗೆ ಹೊಂದದೆ ಹಿಂದಿನ ಪಟ್ಟಿ ಬಾಯಿ ಬಿಟ್ಟಿರುತ್ತದೆ. ತಪ್ಪು ಜಾಗ ಬಿಗಿ ಮಾಡಿಸಿದರೆ ಹಣವೂ ಹೋಯಿತು, ಬಟ್ಟೆಯೂ ಹೋಯಿತು. ಜೀನ್ಸ್ ಬಟ್ಟೆಯಲ್ಲಿ ಒಳಗೆ ಬಿಟ್ಟಿರುವ ಅಂಚು ಬಹಳ ಕಡಿಮೆ. ಒಮ್ಮೆ ಕತ್ತರಿಸಿದ್ದನ್ನು ಮತ್ತೆ ಬಿಡಿಸಿ ದೊಡ್ಡದು ಮಾಡಲು ಬರುವುದಿಲ್ಲ.

ಹಾಗಾಗಿ ಕನ್ನಡಿ ಮುಂದೆ ನಿಂತು ಮೊದಲು ಸುಕ್ಕು ನೋಡಿ. ಬಿಗಿಯಾಗಿ ಎಳೆದ ಚೂಪು ಗೆರೆ ಇದ್ದರೆ ಅಲ್ಲಿ ಬಟ್ಟೆ ಸಾಲುತ್ತಿಲ್ಲ, ಗೆರೆಯ ತುದಿ ಯಾವ ಕಡೆಗೆ ಹೋಗುತ್ತದೋ ಎಳೆತ ಅಲ್ಲಿಂದ ಬರುತ್ತಿದೆ. ಮೆತ್ತಗೆ ಜೋತುಬಿದ್ದ ಮಡಿಕೆ ಇದ್ದರೆ ಅಲ್ಲಿ ಬಟ್ಟೆ ಹೆಚ್ಚಾಗಿದೆ. ಮುಂದಿನದೆಲ್ಲ ಈ ಎರಡರ ಮೇಲೆ ನಿಂತಿದೆ.

ಅಳತೆಗೆ ಮುಂಚೆ: ಪೂರ್ತಿ ಒಣಗಿದೆಯೇ?

ಕೊಡಗಿನಲ್ಲಿ ಈ ಪ್ರಶ್ನೆಯನ್ನು ಹಾರಿಸುವಂತಿಲ್ಲ. ಕುಶಾಲನಗರದ ಕಡೆ ಒಂದು ಬಿಸಿಲಿಗೆ ಒಣಗುವ ಜೀನ್ಸ್, ಆಷಾಢದ ಮಳೆಯಲ್ಲಿ ಮಡಿಕೇರಿ, ಭಾಗಮಂಡಲದಲ್ಲಿ ಮೂರು ದಿನ ಹಗ್ಗದ ಮೇಲಿದ್ದರೂ ತಣ್ಣಗೇ ಇರುತ್ತದೆ. ತೇವ ಇರುವ ಬಟ್ಟೆಯನ್ನು ಹಾಕಿಕೊಂಡರೆ ಮಂಡಿ, ಸೀಟು, ಸೊಂಟ ಎಳೆದುಕೊಂಡು ಅರ್ಧ ಇಂಚಿನಿಂದ ಒಂದು ಇಂಚಿನವರೆಗೆ ಹಿಗ್ಗುತ್ತವೆ. ಆ ಸ್ಥಿತಿಯಲ್ಲಿ ಅಳತೆ ಕೊಟ್ಟು ಬಿಗಿ ಮಾಡಿಸಿದರೆ ಮುಂದಿನ ಒಗೆತದ ನಂತರ ಗುಂಡಿ ಕೂಡುವುದಿಲ್ಲ. ಕಾಲಿನ ಭಾಗ ಮುಟ್ಟಿ ನೋಡಿದರೆ ಸಾಲದು. ಬಟ್ಟೆ ನಾಲ್ಕೈದು ಪದರ ಕೂಡುವ ಜಾಗಗಳಾದ ಬೆಲ್ಟ್ ಪಟ್ಟಿ, ಜೇಬಿನ ಬಾಯಿ, ತೊಡೆಸಂದಿಯ ಹೊಲಿಗೆ ಇವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆನಿಸಿದರೆ ಇನ್ನೂ ತೇವವಿದೆ.

ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುವುದಾದರೆ ಬೆಂಕಿಯಿಂದ ಕನಿಷ್ಠ ನಾಲ್ಕಡಿ ದೂರವಿರಲಿ, ಹಗ್ಗ ಜಾರದಂತೆ ಕಟ್ಟಿ. ಹಿಗ್ಗುವ ಜೀನ್ಸ್‌ನಲ್ಲಿ ಎಲಾಸ್ಟೇನ್ ಎಂಬ ರಬ್ಬರಿನಂಥ ದಾರ ಇರುತ್ತದೆ; ಹೆಚ್ಚು ಶಾಖ ತಗಲಿದರೆ ಅದು ಸತ್ವ ಕಳೆದುಕೊಳ್ಳುತ್ತದೆ. ಬಟ್ಟೆ ಒಣಗಿಸಲೆಂದು ಇದ್ದಿಲ ಕೆಂಡದ ಅಗ್ಗಿಷ್ಟಿಕೆಯನ್ನು ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಇಡಲೇಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದ್ದವರನ್ನು ಹಾಗೆಯೇ ಕೊಲ್ಲುತ್ತದೆ.

ಹೊಸ ಜೀನ್ಸ್ ಆದರೆ ಕನಿಷ್ಠ ಎರಡು ಸಲ ಒಗೆದು ಒಣಗಿಸಿದ ಮೇಲೆಯೇ ಉದ್ದ ಕತ್ತರಿಸಿ. ಕಾರ್ಖಾನೆಯಲ್ಲೇ ಕುಗ್ಗಿಸಿ ಕಳಿಸಿದ ಬಟ್ಟೆಯೂ ಶೇ. 1ರಿಂದ 3ರಷ್ಟು ಮತ್ತೆ ಕುಗ್ಗಬಹುದು. ಒಳಗಾಲು 30 ಇಂಚು ಇದ್ದರೆ ಶೇ. 3 ಎಂದರೆ ಹತ್ತಿರ ಹತ್ತಿರ ಒಂದು ಇಂಚು. ಪಾದದ ಮೇಲೆ ಸರಿಯಾಗಿ ಕೂತ ಪ್ಯಾಂಟು ಕಣಕಾಲಿಗೆ ಏರಲು ಅಷ್ಟು ಸಾಕು.

ಅಳತೆ ಬೆಳಿಗ್ಗೆ ಹಾಕಿದ ಕೂಡಲೇ ಬೇಡ, ಸಂಜೆ ಕಳಚುವಾಗಲೂ ಬೇಡ. ಎರಡು ಗಂಟೆ ಹಾಕಿಕೊಂಡು ಓಡಾಡಿದ ಮೇಲೆ ನೋಡಿ. ನಿಂತು, ಕುರ್ಚಿಯಲ್ಲಿ ಕೂತು, ಕುಕ್ಕರಗಾಲಲ್ಲಿ ಕೂತು, ಒಂದು ಕಾಲನ್ನು ಏಣಿಯ ಎರಡನೇ ಮೆಟ್ಟಿಲಿಗೆ ಎತ್ತಿಟ್ಟು ಪರೀಕ್ಷಿಸಿ. ಕಾಫಿ ಕೊಯ್ಯಲು, ಮೆಣಸು ಇಳಿಸಲು ತೋಟಕ್ಕೆ ಹಾಕುವ ಜೀನ್ಸ್‌ಗೆ ಕೊನೆಯ ಎರಡು ಪರೀಕ್ಷೆಗಳೇ ಮುಖ್ಯ.

ಲಕ್ಷಣ: ಸೊಂಟದ ಹಿಂದೆ ಪಟ್ಟಿ ಬಾಯಿ ಬಿಡುತ್ತದೆ

ಕೂತಾಗ ಬೆನ್ನಿನ ಕಡೆ ಕೈ ತೂರುವಷ್ಟು ಸಂದು, ಮುಂದೆ ಮಾತ್ರ ಗುಂಡಿ ಸರಿಯಾಗಿಯೇ ಇದೆ. ಎಲ್ಲರೂ ಹೇಳುವ ದೂರು ಇದೇ. ಸೀಟಿಗೆ ತಕ್ಕ ಅಳತೆ ಕೊಂಡವರಿಗೆ ಸೊಂಟ ಸಣ್ಣಗಿದ್ದರೆ ಹೀಗಾಗುತ್ತದೆ.

ಮೊದಲು ಖರ್ಚಿಲ್ಲದ ಪರೀಕ್ಷೆ. ಬೆನ್ನ ನಡುವೆ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ಹಿಡಿದು ಹತ್ತು ಹೆಜ್ಜೆ ನಡೆಯಿರಿ, ಆಮೇಲೆ ಕೂತುಕೊಳ್ಳಿ. ಚಿವುಟಿದ ಮಡಿಕೆಯ ಆಳ ಅರ್ಧ ಇಂಚು ಇದ್ದರೆ ತೆಗೆಯಬೇಕಾದ್ದು ಒಟ್ಟು ಒಂದು ಇಂಚು, ಏಕೆಂದರೆ ಮಡಿಕೆಯಲ್ಲಿ ಎರಡು ಪದರವಿದೆ. ಇಲ್ಲಿ ಲೆಕ್ಕ ತಪ್ಪುವವರು ಬಹಳ. ಕೂತಾಗ ಹೊಟ್ಟೆಗೆ ಒತ್ತಿದರೆ ಅಷ್ಟು ತೆಗೆಯಬೇಡಿ.

ಒಟ್ಟು ಒಂದು ಇಂಚಿನೊಳಗಿದ್ದರೆ ಎಲಾಸ್ಟಿಕ್ ಸಾಕು, ಪ್ಯಾಂಟಿನ ಆಕಾರ ಕೆಡುವುದಿಲ್ಲ. ಪಟ್ಟಿಯ ಒಳಪದರದಲ್ಲಿ ಎರಡು ಪಕ್ಕದ ಹೊಲಿಗೆಗಳ ನೇರಕ್ಕೆ ಒಂದೊಂದು ಇಂಚಿನ ಉದ್ದುದ್ದ ಸೀಳು ಮಾಡಿ, ಒಂದು ಇಂಚು ಅಗಲದ ಎಲಾಸ್ಟಿಕ್ ತೂರಿಸಿ. ಎಲಾಸ್ಟಿಕ್‌ನ ಉದ್ದ ಆ ಎರಡು ಸೀಳುಗಳ ನಡುವಿನ ಅಂತರಕ್ಕಿಂತ ಒಂದೂವರೆ ಇಂಚು ಕಡಿಮೆ ಇರಲಿ. ಎರಡೂ ತುದಿಗೆ ಚೌಕಾಕಾರದಲ್ಲಿ ಹೊಲಿದು ಸೀಳು ಮುಚ್ಚಿ. ಪಟ್ಟಿಯ ನಡುವೆ ಬೆಲ್ಟ್ ಲೂಪಿನ ಹೊಲಿಗೆ ಅಡ್ಡ ಬಂದರೆ ಆ ಲೂಪನ್ನು ಬಿಚ್ಚಿ, ಎಲಾಸ್ಟಿಕ್ ದಾಟಿಸಿದ ಮೇಲೆ ಮತ್ತೆ ಹಾಕಿ.

ಒಂದರಿಂದ ಒಂದೂವರೆ ಇಂಚು ತೆಗೆಯಬೇಕಿದ್ದರೆ ಸೀಟಿನ ನಡು ಹೊಲಿಗೆಯನ್ನೇ ಬಿಚ್ಚಬೇಕು. ಬೆನ್ನ ನಡುವಿನ ಲೂಪು ತೆಗೆಯಿರಿ. ಕಂಪನಿಯ ಚರ್ಮದ ಚೀಟಿ ಅಡ್ಡ ಇದ್ದರೆ ಅದರ ಒಂದು ಪಕ್ಕ ಮಾತ್ರ ಬಿಚ್ಚಿ. ಪಟ್ಟಿಯನ್ನು ನಡುವಿನಿಂದ ಎರಡೂ ಕಡೆ ಮೂರು ಇಂಚು ಬಿಡಿಸಿ, ಸೀಟ್ ಹೊಲಿಗೆಯನ್ನು ಮೇಲಿನಿಂದ ಐದು ಇಂಚು ಬಿಚ್ಚಿ. ಹೊಸ ಗೆರೆ ಮೇಲೆ ಪೂರ್ತಿ ಅಳತೆಯಲ್ಲಿ ಆರಂಭವಾಗಿ, ಕೆಳಗೆ ಸೀಟಿನ ಉಬ್ಬು ಬರುವಲ್ಲಿ ಹಳೆಯ ಗೆರೆಗೆ ನುಣ್ಣಗೆ ಸೇರಬೇಕು. ಥಟ್ಟನೆ ಸೇರಿಸಿದರೆ ಅಲ್ಲಿ ಬಟ್ಟೆ ಮೊನೆಯಂತೆ ಎದ್ದು ನಿಲ್ಲುತ್ತದೆ. ಇಸ್ತ್ರಿ ಹಾಕಿದರೂ ಕೂರುವುದಿಲ್ಲ. ಪಟ್ಟಿಯನ್ನು ನಡುವೆ ಕತ್ತರಿಸಿ ಜೋಡಿಸಿದ ಗುರುತು ಲೂಪಿನ ಕೆಳಗೆ ಮರೆಯಾಗುತ್ತದೆ.

ಬಿಚ್ಚುವಾಗ ಒಂದು ಎಚ್ಚರ. ಸೀಟ್ ಹೊಲಿಗೆಯ ಒಳಬದಿ ಸರಪಳಿಯಂತೆ ಕಂಡರೆ ಅದು ಚೈನ್ ಸ್ಟಿಚ್. ಅದರ ಒಂದು ಕೊಂಡಿ ಕತ್ತರಿಸಿ ಒಂದು ದಿಕ್ಕಿಗೆ ಎಳೆದರೆ ಸರ್ರನೆ ತೊಡೆಸಂದಿಯವರೆಗೂ ಬಿಚ್ಚಿಕೊಳ್ಳುತ್ತದೆ. ನಿಲ್ಲಿಸಬೇಕಾದ ಜಾಗದಲ್ಲಿ ಮೊದಲೇ ಮೆಷಿನ್‌ನಲ್ಲಿ ಮೂರ್ನಾಲ್ಕು ಸಲ ಹಿಂದೆ ಮುಂದೆ ಹೊಲಿದು ಬೀಗ ಹಾಕಿ, ಆಮೇಲೆ ಬಿಚ್ಚಿ.

ಎರಡು ಇಂಚಿಗಿಂತ ಹೆಚ್ಚು ತೆಗೆಯಬೇಕೇ? ನಿಲ್ಲಿಸಿ. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ, ಪಕ್ಕದ ಹೊಲಿಗೆ ಬೆನ್ನಿಗೆ ಸರಿಯುತ್ತದೆ. ಅಷ್ಟು ವ್ಯತ್ಯಾಸವಿದ್ದರೆ ಆ ಅಳತೆಯೇ ನಿಮ್ಮದಲ್ಲ.

ಲಕ್ಷಣ: ಒಗೆದ ದಿನ ಬಿಗಿ, ಸಂಜೆಗೆ ಸಡಿಲ

ಲೇಬಲ್ ನೋಡಿ. ಹತ್ತಿಯ ಜೊತೆ ಶೇ. 1ರಿಂದ 3 ಎಲಾಸ್ಟೇನ್ ಇದ್ದರೆ ಇಷ್ಟು ಹಿಗ್ಗುವುದು ಆ ಬಟ್ಟೆಯ ಗುಣ, ಹೊಲಿಗೆಯ ದೋಷವಲ್ಲ. ಆದರೆ ಮಂಡಿಯ ಬಳಿ ಬಟ್ಟೆ ಅಲೆಅಲೆಯಾಗಿ, ಬಿಳಿ ರಬ್ಬರ್ ಎಳೆಗಳು ಕೂದಲಿನಂತೆ ಹೊರಗೆ ಚಾಚಿದ್ದರೆ ಒಳಗಿನ ಎಲಾಸ್ಟೇನ್ ತುಂಡಾಗಿದೆ. ಅದನ್ನು ಆಲ್ಟರ್ ಮಾಡಿಸಲು ದುಡ್ಡು ಹಾಕಬೇಡಿ, ಯಾವ ಹೊಲಿಗೆಯೂ ಅದನ್ನು ಹಿಡಿದಿಡುವುದಿಲ್ಲ.

ಲಕ್ಷಣ: ಗುಂಡಿ ಕೂಡುವುದಿಲ್ಲ

ಎಷ್ಟು ಕಡಿಮೆ ಎಂದು ಅಳೆಯಿರಿ. ಅರ್ಧ ಇಂಚು ಆದರೆ ಗುಂಡಿಯನ್ನು ತುದಿಯ ಕಡೆಗೆ ಸರಿಸಿದರೆ ಸಾಕು. ಜೀನ್ಸ್ ಗುಂಡಿ ಹಿಂದಿನಿಂದ ಮೊಳೆ ಬಡಿದು ಕೂರಿಸಿದ್ದು. ಇಕ್ಕಳದಿಂದ ಹಿಂದಿನ ಮೊಳೆಯನ್ನು ಅಲುಗಾಡಿಸಿ ತೆಗೆಯಬೇಕು. ಹಳೆಯ ತೂತಿನ ಮೇಲೆ ಒಳಗಿನಿಂದ ತುಂಡು ಬಟ್ಟೆ ಇಟ್ಟು ಹೊಲಿಯದಿದ್ದರೆ ಅದು ಸೀಳುತ್ತಾ ಹೋಗುತ್ತದೆ. ಒಂದರಿಂದ ಒಂದೂವರೆ ಇಂಚು ಬೇಕಾದರೆ ಬೆನ್ನ ನಡುವೆ, ಪಟ್ಟಿಯೂ ಸೇರುವಂತೆ, ತಲೆಕೆಳಗಾದ ತ್ರಿಕೋನದ ತುಂಡು ಕೂಡಿಸಬೇಕಾಗುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಅಂಗಿ ಹೊರಗೆ ಬಿಡುವವರಿಗೆ ಪರವಾಗಿಲ್ಲ.

ಜಿಪ್ಪು ಏರುತ್ತದೆ, ಆದರೆ ಪದೇ ಪದೇ ಕೆಳಗಿಳಿಯುತ್ತದೆ ಎಂದರೆ ಜಿಪ್ಪಿನ ಹಲ್ಲನ್ನೇ ದೂರಬೇಡಿ. ಮುಂದೆ ಎಳೆತ ಹೆಚ್ಚಿದೆಯೇ ಎಂದು ಮುಂದಿನ ಲಕ್ಷಣದಲ್ಲಿ ನೋಡಿ.

ಲಕ್ಷಣ: ತೊಡೆಸಂದಿಯಲ್ಲಿ ಗೆರೆಗಳು

ಈ ಜಾಗದ ದೋಷಗಳು ಒಂದರಂತೆ ಇನ್ನೊಂದು ಕಾಣುತ್ತವೆ, ಪರಿಹಾರ ಮಾತ್ರ ಒಂದಕ್ಕೊಂದು ವಿರುದ್ಧ. ಇಲ್ಲಿ ಅವಸರ ಬೇಡ.

ಜಿಪ್ಪಿನ ಬುಡದಿಂದ ಎರಡೂ ಸೊಂಟದ ಮೂಳೆಯ ಕಡೆಗೆ ಅಡ್ಡ ಗೆರೆಗಳು ಹೋಗಿವೆ, ಮುಂದಿನ ಜೇಬು ಬಾಯಿ ತೆರೆದು ನಿಲ್ಲುತ್ತದೆ ಎಂದರೆ ಸೀಟಿನ ಸುತ್ತಳತೆಯಲ್ಲಿ ಬಟ್ಟೆ ಸಾಲದು. ಪ್ಯಾಂಟನ್ನು ಒಳಹೊರಗು ಮಾಡಿ ಪಕ್ಕದ ಹೊಲಿಗೆ ನೋಡಿ. ಹೊಲಿಗೆಯ ಗೆರೆಯಿಂದ ಓವರ್‌ಲಾಕ್ (ಎಳೆ ಬಿಡದಂತೆ ಬಟ್ಟೆಯ ತುದಿಗೆ ಹಾಕುವ ಸುತ್ತು ಹೊಲಿಗೆ) ತುದಿಯವರೆಗೆ ಅರ್ಧ ಇಂಚು ಅಂಚಿದ್ದರೆ ಎರಡೂ ಕಡೆ ಸೇರಿ ಅರ್ಧ ಇಂಚಿನಷ್ಟು ಬಿಡಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಬಿಡಿಸಿದ ಜಾಗದಲ್ಲಿ ಹಳೆಯ ಹೊಲಿಗೆಯ ಗೆರೆ ಕಡುನೀಲಿಯಾಗಿ ಉಳಿಯುತ್ತದೆ. ಅಂಚು ಕಾಲಿಂಚಷ್ಟೇ ಇದ್ದರೆ ಕೈಹಾಕಬೇಡಿ.

ಗೆರೆಗಳು ತೊಡೆಸಂದಿಯ ಬಿಂದುವಿನಿಂದ ಓರೆಯಾಗಿ ತೊಡೆಯ ಮೇಲೆ ಕಿರಣಗಳಂತೆ ಹರಡಿವೆ, ಕೂತಾಗ ನಡು ಹೊಲಿಗೆ ಮೈಗೆ ಕೊರೆಯುತ್ತದೆ. ಆಗ ಕಡಿಮೆಯಾಗಿರುವುದು ಬಾಗಿನ ಉದ್ದ, ಅಂದರೆ ಮುಂದಿನ ಪಟ್ಟಿಯಿಂದ ತೊಡೆಸಂದಿ ದಾಟಿ ಹಿಂದಿನ ಪಟ್ಟಿಯವರೆಗೆ ಹೋಗುವ ನಡು ಹೊಲಿಗೆಯ ಉದ್ದ. ಹೊಲಿಗೆಯನ್ನು ಇನ್ನಷ್ಟು ಬಿಗಿ ಮಾಡಿದರೆ ಹಿಂಸೆ ಹೆಚ್ಚುತ್ತದೆ. ಬಾಗನ್ನು ಕೆಳಕ್ಕೆ ಇಳಿಸಿದರೆ ಜಾಗ ಸಿಗುತ್ತದೆ. ನಾಲ್ಕು ಹೊಲಿಗೆ ಕೂಡುವಲ್ಲಿ ಬಿಚ್ಚಿ, ಒಂದು ಕಾಲನ್ನು ಇನ್ನೊಂದರೊಳಗೆ ತೂರಿಸಿ ಬಾಗು ಇಂಗ್ಲಿಷಿನ ಯು ಅಕ್ಷರದಂತೆ ಒಂದೇ ಗೆರೆಯಲ್ಲಿ ಬರುವಂತೆ ಮಾಡಿ. ಹಳೆಯ ಗೆರೆಗಿಂತ ಕಾಲಿಂಚು ಕೆಳಗೆ, ಹಿಂಬದಿಯಲ್ಲೇ ಹೆಚ್ಚಾಗಿ, ಚಾಕಿನಿಂದ ಹೊಸ ಬಾಗು ಬರೆಯಿರಿ. ಕಚ್ಚಾ ಹೊಲಿಗೆ ಹಾಕಿ ತೊಟ್ಟು ನೋಡಿ. ಸರಿಯಾದರೆ ಮಾತ್ರ ಮೆಷಿನ್ ಹೊಲಿಗೆ, ಅದು ಎರಡು ಸಾಲು. ಕೊನೆಗೆ ಹೆಚ್ಚಿನ ಬಟ್ಟೆ ಕತ್ತರಿಸಿ. ಒಂದೇ ಸಲಕ್ಕೆ ಅರ್ಧ ಇಂಚಿಗಿಂತ ಹೆಚ್ಚು ಇಳಿಸಿದರೆ ಕಾಲು ಎತ್ತುವಾಗ ಇಡೀ ಪ್ಯಾಂಟೇ ಜೊತೆಗೆ ಎದ್ದುಬರುತ್ತದೆ. ಏಣಿ ಹತ್ತುವವರಿಗೆ ಇದು ದೊಡ್ಡ ತೊಡಕು.

ಸೀಟಿನ ಕೆಳಗೆ ಜೋಲು ಮಡಿಕೆ ಇದ್ದರೆ ಪ್ಯಾಂಟನ್ನು ಬೆನ್ನ ಕಡೆ ಒಂದು ಇಂಚು ಮೇಲಕ್ಕೆ ಎಳೆದು ಹಿಡಿಯಿರಿ. ಮಡಿಕೆ ಹೋಯಿತೇ? ಹಾಗಾದರೆ ಸೊಂಟ ಜಾರುತ್ತಿದೆ, ಸೊಂಟ ಸರಿ ಮಾಡಿದರೆ ಮುಗಿಯಿತು. ಎಳೆದರೂ ಉಳಿದರೆ ಹಿಂಭಾಗದ ಉದ್ದ ಹೆಚ್ಚಿದೆ. ಬೆಲ್ಟ್ ಪಟ್ಟಿ ಬಿಚ್ಚಿ ಹಿಂದೆ ಕೆಳಗಿಳಿಸಬೇಕು, ಅದನ್ನು ಅನುಭವವಿರುವ ಟೈಲರ್‌ಗೆ ಬಿಡಿ. ನಿಂತಾಗ ಕಾಣುವ ಒಂದೆರಡು ಸಣ್ಣ ಮಡಿಕೆ ಕೂತಾಗ ಮಾಯವಾದರೆ ಅದು ದೋಷವೇ ಅಲ್ಲ. ಕೂರಲು ಬೇಕಾದ ಬಟ್ಟೆ ಅದು. ಅದನ್ನು ತೆಗೆಸಿದರೆ ಕೂತಾಗ ಹಿಂದಿನ ಪಟ್ಟಿ ಕೆಳಗಿಳಿದು ಬೆನ್ನು ಕಾಣುತ್ತದೆ.

ಲಕ್ಷಣ: ಒಳತೊಡೆ ಸವೆದು ಬೆಳ್ಳಗಾಗಿದೆ, ಅಥವಾ ತೂತಾಗಿದೆ

ಜೀನ್ಸ್‌ನಲ್ಲಿ ಉದ್ದದ ಎಳೆಗೆ ಮಾತ್ರ ನೀಲಿ ಬಣ್ಣ, ಅಡ್ಡ ಎಳೆ ಬಿಳಿ. ಮೂರು ಎಳೆ ಮೇಲೆ, ಒಂದು ಕೆಳಗೆ ಎಂಬ ನೇಯ್ಗೆಯಿಂದಾಗಿ ಮುಖ ನೀಲಿಯಾಗಿಯೂ ಬೆನ್ನು ಬಿಳಿಯಾಗಿಯೂ ಕಾಣುತ್ತದೆ. ಉಜ್ಜಿ ಉಜ್ಜಿ ನೀಲಿ ಎಳೆ ಹರಿದರೆ ಅಡ್ಡಡ್ಡ ಬಿಳಿ ದಾರಗಳಷ್ಟೇ ಉಳಿಯುತ್ತವೆ. ಆ ಹಂತದಲ್ಲೇ ತೇಪೆ ಹಾಕಿದರೆ ಬಟ್ಟೆ ಇನ್ನೆರಡು ವರ್ಷ ಬರುತ್ತದೆ. ತೂತಾದ ಮೇಲೆ ಸುತ್ತಲಿನ ಬಟ್ಟೆಯೂ ಸತ್ತಿರುತ್ತದೆ.

ತೇಪೆ ಒಳಗಿನಿಂದ ಬರಲಿ, ಸವೆದ ಭಾಗಕ್ಕಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದಾಗಿರಲಿ, ಎಳೆಯ ದಿಕ್ಕು ಪ್ಯಾಂಟಿನ ದಿಕ್ಕಿಗೇ ಹೊಂದಲಿ. ಹಳೆಯ, ಮೆತ್ತಗಿನ ಜೀನ್ಸ್ ತುಂಡು ಒಳ್ಳೆಯದು. ಹೊಸ ಗಟ್ಟಿ ತುಂಡು ಹಾಕಿದರೆ ಅದರ ಅಂಚಿನಲ್ಲೇ ಮತ್ತೆ ಹರಿಯುತ್ತದೆ. ನೀಲಿ ದಾರದಲ್ಲಿ ಎಳೆಯ ಉದ್ದಕ್ಕೆ ಕಾಲಿಂಚಿಗೂ ಹತ್ತಿರ ಹತ್ತಿರ ಹಿಂದೆ ಮುಂದೆ ಹೊಲಿಯಿರಿ. ಇಸ್ತ್ರಿಯಲ್ಲಿ ಅಂಟುವ ಕ್ಯಾನ್ವಾಸ್ ಒಂದನ್ನೇ ನಂಬಬೇಡಿ, ಬೆವರು ಮತ್ತು ಒಗೆತಕ್ಕೆ ಬಿಟ್ಟುಕೊಳ್ಳುತ್ತದೆ.

ಹೊಲಿಯುವ ಮುಂಚೆ ಬಟ್ಟೆಯ ಜೀವ ಪರೀಕ್ಷಿಸಿ. ಮಳೆಗಾಲವೆಲ್ಲ ಬೀರುವಿನಲ್ಲಿ ಮಡಚಿಟ್ಟ ಜೀನ್ಸ್‌ಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆ ಬಂದಿದ್ದರೆ, ಎರಡು ಹೆಬ್ಬೆರಳಿನಿಂದ ಆ ಜಾಗವನ್ನು ಎಳೆಯಿರಿ. ಚರ್ರನೆ ಸದ್ದು ಬಂದರೆ ಹತ್ತಿ ಕೊಳೆತಿದೆ, ಹೊಲಿಗೆ ನಿಲ್ಲದು. ಬೂಷ್ಟನ್ನು ಹೊರಗಡೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಝಾಡಿಸಿ. ದಮ್ಮು ಇರುವವರು ಅದರ ಹತ್ತಿರ ಹೋಗಬಾರದು.

ಲಕ್ಷಣ: ಪಕ್ಕದ ಹೊಲಿಗೆ ಮೊಣಕಾಲಿನ ಮುಂದಕ್ಕೆ ಸುತ್ತಿಕೊಳ್ಳುತ್ತದೆ

ಓರೆ ನೇಯ್ಗೆಯ ಬಟ್ಟೆ ಒಗೆದ ಮೇಲೆ ತಿರುಚಿಕೊಳ್ಳುವ ಗುಣದ್ದು. ಕಾರ್ಖಾನೆಯಲ್ಲಿ ಅದನ್ನು ಸರಿಪಡಿಸದೆ ಕತ್ತರಿಸಿದ್ದರೆ ಹೀಗಾಗುತ್ತದೆ. ಆಲ್ಟರ್‌ನಲ್ಲಿ ಹೋಗುವ ದೋಷವಲ್ಲ. ಹೊಸದಾಗಿದ್ದರೆ ಅಂಗಡಿಗೆ ವಾಪಸು ಕೊಡಿ.

ಆದರೆ ಆಲ್ಟರ್ ಮಾಡಿಸಿದ ಮೇಲೆ ಶುರುವಾದ ತಿರುಚು ಬೇರೆ. ಕಾಲು ಸಣ್ಣ ಮಾಡುವಾಗ ಒಂದೇ ಬದಿಯಿಂದ ಬಟ್ಟೆ ತೆಗೆದದ್ದು ಅದಕ್ಕೆ ಕಾರಣ.

ಲಕ್ಷಣ: ಕಾಲು ಅಗಲ, ಗಂಬೂಟಿನೊಳಗೆ ಮುದುಡುತ್ತದೆ

ಗಂಬೂಟಿನೊಳಗೆ ಮುದುಡಿದ ಬಟ್ಟೆ ಮೀನಖಂಡವನ್ನು ಉಜ್ಜುತ್ತದೆ. ಹೊರಗೆ ಇಣುಕಿದ ಅಂಚು ಮಳೆನೀರನ್ನು ಬತ್ತಿಯಂತೆ ಹೀರಿ ಒಳಗೆ ಇಳಿಸುತ್ತದೆ. ಕಾಲು ಸಣ್ಣ ಮಾಡಿಸುವುದು ಸರಿ, ಆದರೆ ಎಷ್ಟು ಎಂಬುದನ್ನು ಹಿಮ್ಮಡಿ ಹೇಳಬೇಕು. ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಟೇಪು ಸುತ್ತಿ ಅಳೆಯಿರಿ. ಹಿಗ್ಗದ ಬಟ್ಟೆಯಾದರೆ ಬಾಟಮ್ (ಕಾಲಿನ ಕೆಳಬಾಯಿ) ಸುತ್ತಳತೆ ಅದಕ್ಕಿಂತ ಅರ್ಧ ಇಂಚು ಹೆಚ್ಚಿರಲೇಬೇಕು, ಇಲ್ಲದಿದ್ದರೆ ಪಾದ ತೂರುವುದಿಲ್ಲ.

ಯಾವ ಹೊಲಿಗೆಯಿಂದ ತೆಗೆಯುವುದು? ಸಾಮಾನ್ಯವಾಗಿ ಒಳಗಾಲಿನ ಹೊಲಿಗೆಗೆ ಹೊರಗಿನಿಂದ ಬಣ್ಣದ ದಾರದ ಎರಡು ಸಾಲು ಇರುತ್ತದೆ, ಹೊರಗಾಲಿನದು ಸಾದಾ. ಬೇಗ ಮುಗಿಯಲೆಂದು ಸಾದಾ ಬದಿಯಿಂದಲೇ ಎಲ್ಲ ತೆಗೆಯುತ್ತಾರೆ. ಒಟ್ಟು ಒಂದು ಇಂಚಿನವರೆಗೆ ಅದು ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಎರಡೂ ಬದಿಯಿಂದ ಸಮಪಾಲು ತೆಗೆಯಲು ಹೇಳಿ. ಒಳಹೊರಗು ಮಾಡಿ ತೊಟ್ಟು ಪಿನ್ನು ಹಾಕುವುದು ಸುಲಭ, ಆದರೆ ಹಾಗೆ ಮಾಡಿದಾಗ ಎಡಗಾಲು ಬಲಗಾಲಾಗುತ್ತದೆ ಎಂಬುದು ನೆನಪಿರಲಿ. ಮೀನಖಂಡದ ಬಳಿ ಕನಿಷ್ಠ ಒಂದು ಇಂಚು ಸಡಿಲ ಉಳಿಸಿ. ಮಂಡಿಯ ಹಿಂದೆ ಗೆರೆಗಳು ಗುಂಪಾಗಿ ನಿಂತರೆ ಮೀನಖಂಡ ಬಿಗಿಯಾಗಿದೆ ಎಂದರ್ಥ, ಮಂಡಿಯಲ್ಲಿ ಬಟ್ಟೆ ಹೆಚ್ಚಾಗಿದೆ ಎಂದಲ್ಲ.

ಲಕ್ಷಣ: ಉದ್ದ ಹೆಚ್ಚು

ಹೊರಗೆ ಹಾಕುವ ಚಪ್ಪಲಿ ಅಥವಾ ಶೂ ತೊಟ್ಟು ಗುರುತು ಹಾಕಿ. ಎರಡೂ ಕಾಲನ್ನು ಬೇರೆ ಬೇರೆಯಾಗಿ ಅಳೆಯಿರಿ.

ಸವೆದು ಬಣ್ಣ ತಿರುಗಿದ ಮೂಲ ಅಂಚನ್ನೇ ಉಳಿಸಬೇಕೆಂದರೆ ಲೆಕ್ಕ ಹೀಗೆ: 3 ಇಂಚು ಕಡಿಮೆ ಮಾಡಬೇಕು ಎಂದಿಟ್ಟುಕೊಳ್ಳಿ. ಬಾಟಮ್ ಅನ್ನು ಹೊರಮುಖವಾಗಿ ಮೇಲಕ್ಕೆ ಮಡಚಿ. ಮೂಲ ಮಡಿಕೆ ಪಟ್ಟಿಯ ಒಳ ಅಂಚಿನಿಂದ ಹೊಸ ಮಡಚಿನವರೆಗೆ ಒಂದೂವರೆ ಇಂಚು ಇರಲಿ, ಮಡಚಿದಲ್ಲಿ ಎರಡು ಪದರ ಇರುವುದರಿಂದ ಮೂರರ ಅರ್ಧ ಸಾಕು. ಆ ಅಂಚಿಗೆ ಒತ್ತಿ ಸುತ್ತಲೂ ಹೊಲಿದು, ಮೂಲ ಪಟ್ಟಿಯನ್ನು ಕೆಳಕ್ಕೆ ತಿರುಗಿಸಿ. ಒಳಗೆ ಉಳಿದ ಕೊಳವೆಯಂಥ ಬಟ್ಟೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ ಓವರ್‌ಲಾಕ್ ಮಾಡಿ. ಕೆಳಗೆ ತೀರಾ ಸಣ್ಣದಾಗುವ ಕಾಲಾದರೆ ಹೆಚ್ಚು ಏರಿಸಿದಂತೆ ಅಳತೆ ಹೊಂದುವುದಿಲ್ಲ, ಸುಕ್ಕು ಬರುತ್ತದೆ. ಅಲ್ಲಿ ಸಾದಾ ಮಡಿಕೆಯೇ ಲೇಸು.

ಉದ್ದ ಬಿಡಿಸುವವರಿಗೆ ಒಂದು ಮಾತು: ಹಳೆಯ ಮಡಿಕೆಯ ಬಿಳಿ ಗೆರೆ ಹೋಗುವುದಿಲ್ಲ.

ಲಕ್ಷಣ: ಮೆಷಿನ್ ಹೊಲಿಗೆ ಬಿಡುತ್ತದೆ, ಸೂಜಿ ಮುರಿಯುತ್ತದೆ

ಮೊದಲು ಸೂಜಿ ಬದಲಿಸಿ, ಅದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಸಾಧಾರಣ ಜೀನ್ಸ್‌ಗೆ 16 ನಂಬರ್, ದಪ್ಪ ಬಟ್ಟೆಗೆ 18 ನಂಬರ್. ಹಿಗ್ಗುವ ಬಟ್ಟೆಗೆ 14 ನಂಬರಿನ ಸ್ಟ್ರೆಚ್ ಸೂಜಿ. ಮಳೆಗಾಲದಲ್ಲಿ ಡಬ್ಬಿಯಲ್ಲಿದ್ದ ಸೂಜಿಗೂ ತುಕ್ಕು ಹಿಡಿಯುತ್ತದೆ. ತುದಿಯನ್ನು ಹತ್ತಿಯುಂಡೆಗೆ ಚುಚ್ಚಿ ತೆಗೆಯಿರಿ. ಎಳೆ ಸಿಕ್ಕಿಕೊಂಡರೆ ಬಿಸಾಡಿ. ದಾರವನ್ನು ಒಂದಡಿ ಬಿಚ್ಚಿ ಜಗ್ಗಿ, ಸುಲಭವಾಗಿ ತುಂಡಾದರೆ ಅದು ಹಳತಾಗಿದೆ. ಹೊಲಿಗೆಯ ಉದ್ದ 3ರಿಂದ 3.5 ಮಿಲಿಮೀಟರ್ ಇಡಿ. ಸಣ್ಣ ಹೊಲಿಗೆ ಬಟ್ಟೆಯನ್ನು ತೂತು ತೂತು ಮಾಡಿ ಹರಿಸುತ್ತದೆ.

ಬಾಟಮ್‌ನಲ್ಲಿ ಪಕ್ಕದ ಹೊಲಿಗೆ ದಾಟುವಾಗ ಮಾತ್ರ ತಪ್ಪುತ್ತದೆ ಎಂದರೆ ಮೆಷಿನ್ ಕೆಟ್ಟಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಪಾದ ಓರೆಯಾಗಿ ಮೇಲೇರುವುದರಿಂದ ಹಾಗಾಗುತ್ತದೆ. ಆ ಉಬ್ಬನ್ನು ಬಟ್ಟೆ ಮುಚ್ಚಿ ಸುತ್ತಿಗೆಯಿಂದ ನಾಲ್ಕೇಟು ಬಡಿದು ಚಪ್ಪಟೆ ಮಾಡಿ, ಪಾದದ ಹಿಂದೆ ಮಡಚಿದ ಜೀನ್ಸ್ ತುಂಡು ಇಟ್ಟು ಮಟ್ಟ ಸರಿ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ. ಇಲ್ಲಿ ಹಳೆಯ ಕಬ್ಬಿಣದ ಕಾಲುಮೆಷಿನ್ ಮುಂದೆ ಹೊಸ ಹಗುರ ಮೆಷಿನ್‌ಗಳು ನಿಲ್ಲುವುದಿಲ್ಲ. ಕರೆಂಟ್ ಹೋದರೂ ಅದರ ಕೆಲಸ ನಿಲ್ಲದು. ಪ್ಲಾಸ್ಟಿಕ್ ಗೇರಿನ ಮೆಷಿನ್ ಗುಂಯ್‌ಗುಟ್ಟಿ ನಿಂತರೆ ಪೆಡಲ್ ಒತ್ತಬೇಡಿ, ಗೇರ್ ಹಲ್ಲು ಹೋಗುತ್ತದೆ.

ಜೇಬಿನ ಮೂಲೆಯ ತಾಮ್ರದ ರಿವೆಟ್ ಮೇಲೆ ಸೂಜಿ ಬಿದ್ದರೆ ಮುರಿದ ಚೂರು ಕಣ್ಣಿಗೆ ಹಾರುತ್ತದೆ. ಕನ್ನಡಕ ಹಾಕಿಕೊಳ್ಳಿ, ಮುರಿದ ಎಲ್ಲ ಚೂರು ಸಿಗುವವರೆಗೆ ಪ್ಯಾಂಟನ್ನು ಯಾರಿಗೂ ತೊಡಲು ಕೊಡಬೇಡಿ. ಕಣ್ಣಿಗೆ ಚೂರು ಹೊಕ್ಕರೆ ಉಜ್ಜದೆ, ಕೀಳದೆ ನೇರ ಆಸ್ಪತ್ರೆಗೆ ಹೋಗಿ. ಸೂಜಿ ಬದಲಿಸುವಾಗ ಮೋಟಾರಿನ ಪ್ಲಗ್ ಕಿತ್ತಿರಲಿ.

ಟೈಲರ್‌ಗೆ ಕೊಡುವಾಗ

ಪುತ್ತರಿ ಹತ್ತಿರ ಬಂದಾಗ ಹಬ್ಬದ ಬಟ್ಟೆಗಳ ನಡುವೆ ಜೀನ್ಸ್‌ಗೆ ಸರಿಯಾದ ಗಮನ ಸಿಗುವುದು ಕಷ್ಟ. ತಿಂಗಳ ಮುಂಚೆ ಕೊಡಿ. "ಟೈಟ್ ಮಾಡಿ" ಎನ್ನುವ ಬದಲು ಅಂಗಡಿಯಲ್ಲೇ ತೊಟ್ಟು ಸುಕ್ಕು ತೋರಿಸಿ, "ಅಣ್ಣಾ, ಹಿಂದೆ ಒಟ್ಟು ಒಂದು ಇಂಚು, ಸೀಟ್ ಹೊಲಿಗೆಯಿಂದ ತೆಗೆಯಿರಿ, ಕತ್ತರಿಸುವ ಮುಂಚೆ ಒಂದ್ಸಲ ಹಾಕಿ ನೋಡ್ತೇನೆ" ಎಂದು ಹೇಳಿ. ದಾರದ ಬಣ್ಣ ಹೊಂದುತ್ತದೆಯೇ ಎಂದು ಪ್ಯಾಂಟಿನ ಮೇಲಿಟ್ಟು ನೋಡಿ. ವಾಪಸು ತರುವಾಗ ಕತ್ತರಿಸಿದ ತುಂಡುಗಳನ್ನು ಕೇಳಿ ತನ್ನಿ. ಅದೇ ಪ್ಯಾಂಟಿನ ಒಳತೊಡೆ ಬೆಳ್ಳಗಾದಾಗ ತೇಪೆಗೆ ಅಷ್ಟು ಚೆನ್ನಾಗಿ ಹೊಂದುವ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.